ಓದುಗರ ಪ್ರಶ್ನೆ: ಮಾನಸಿಕ ಅಸ್ವಸ್ಥ ಆರೋಪಿಗಳೊಡನೆ ಕೋರ್ಟಿನ ಕೆಲಸ

ಮಾನಸಿಕ ಅಸ್ವಸ್ಥ ಆರೋಪಿಗಳನ್ನು ಜೈಲಿನ ಬದಲು ಚಿಕಿತ್ಸೆಯತ್ತ ಒಯ್ಯುವ ಅಮೆರಿಕದ ಮಾನಸಿಕ ಆರೋಗ್ಯ ನ್ಯಾಯಾಲಯವೊಂದರಲ್ಲಿ ಕೇಸ್ ಮ್ಯಾನೇಜರ್ (ಆರೋಪಿಗಳ ಚಿಕಿತ್ಸೆ, ವಸತಿಗಳನ್ನು ನೋಡಿಕೊಂಡು ಕೋರ್ಟಿಗೆ ವರದಿ ಕೊಡುವವರು) ಆಗಿದ್ದು, ಈಗ ಮೈಸೂರಿನಲ್ಲಿ ನೆಲೆಸಿರುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೊಬ್ಬರು ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇವೆ.

ಪ್ರಶ್ನೆ: ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ, ಮದುವೆಯಾದ ಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಬಂದೆ. ಇಲ್ಲಿನ ಪದವಿಯನ್ನೂ ಪಡೆದ ನಂತರ ಕೌಂಟಿಯ ಮಾನಸಿಕ ಆರೋಗ್ಯ ನ್ಯಾಯಾಲಯದಲ್ಲಿ ಕೇಸ್ ಮ್ಯಾನೇಜರ್ ಕೆಲಸ ಸಿಕ್ಕಿದೆ; ಮುಂದಿನ ತಿಂಗಳು ಸೇರಬೇಕು. ಊರಲ್ಲಿ ಅಪ್ಪ, "ಈ ಪೊಲೀಸರ ಕೆಲಸ ನಿನಗ್ಯಾಕ ಬೇಕಾಗಿತ್ತು?" ಎನ್ನುತ್ತಿದ್ದಾರೆ. ನನ್ನ ಚಿಂತೆ ಬೇರೆ. ನಾನು ರೋಗಿಯ ಕಡೆಯವಳೋ, ಕೋರ್ಟಿನ ಕಡೆಯವಳೋ? ಅವರು ನಂಬಿ ಹೇಳಿದ್ದನ್ನು ನ್ಯಾಯಾಧೀಶರಿಗೆ ಬರೆದುಕೊಡಬೇಕಾಗುತ್ತದೆಯೇ?

ಉತ್ತರ: ನಿಮ್ಮ ತಂದೆಯವರ ಮಾತನ್ನು ಪೂರಾ ತಳ್ಳಿಹಾಕುವಂತಿಲ್ಲ. ಕೋರ್ಟಿನ ಸಂಬಳ ಪಡೆದು ಆರೋಪಿಯ ಮನೆಬಾಗಿಲು ತಟ್ಟುವವರನ್ನು ಜನ ಮೊದಮೊದಲು ಪೊಲೀಸರೆಂದೇ ತಿಳಿಯುತ್ತಾರೆ. ಆದರೆ ನಿಮಗೆ ಬಂಧಿಸುವ ಅಧಿಕಾರವಿಲ್ಲ, ಮನೆ ಶೋಧಿಸುವ ಅಧಿಕಾರವಿಲ್ಲ, ಔಷಧಿ ಬರೆಯುವ ಅಧಿಕಾರವೂ ಇಲ್ಲ. ನಿಮ್ಮ ಕೈಯಲ್ಲಿರುವುದು ಪ್ರತಿ ವಾಯಿದೆಗೆ ಮುಂಚೆ ನೀವು ಸಲ್ಲಿಸುವ ವರದಿಯೊಂದೇ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಆ ವರದಿಯಲ್ಲೇ ಅಡಗಿರುವುದರಿಂದ, ಸ್ವಲ್ಪ ಸುತ್ತಿಕೊಂಡು ಅಲ್ಲಿಗೆ ಬರುತ್ತೇನೆ.

ಈ ಬಗೆಯ ನ್ಯಾಯಾಲಯಗಳಿಗೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದ ರಾಜ್ಯಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಒಂದೊಂದಾಗಿ ಬರಿದು ಮಾಡಿದವು. ರೋಗಿಗಳಿಗೆ ಅವರವರ ಊರಲ್ಲೇ ಚಿಕಿತ್ಸೆ ಕೊಡುವ ಮಾತನ್ನು ಮಾತ್ರ ಅರ್ಧಕ್ಕೇ ಬಿಟ್ಟವು. ಬೀದಿಗೆ ಬಿದ್ದವರು ಅತಿಕ್ರಮ ಪ್ರವೇಶ, ಅಂಗಡಿಯಲ್ಲಿ ಸಣ್ಣಪುಟ್ಟ ಕಳವು, ಶಾಂತಿಭಂಗ ಇಂಥ ಆರೋಪಗಳ ಮೇಲೆ ಜೈಲು ಸೇರತೊಡಗಿದರು. ಲಾಸ್ ಏಂಜಲೀಸ್ ಕೌಂಟಿಯ ಜೈಲು, ಷಿಕಾಗೋದ ಕುಕ್ ಕೌಂಟಿ ಜೈಲು, ನ್ಯೂಯಾರ್ಕಿನ ರೈಕರ್ಸ್ ದ್ವೀಪ, ಈ ಮೂರನ್ನೂ ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳೆಂದು ಅಲ್ಲಿನವರು ಕರೆಯುವುದುಂಟು; ಅದರಲ್ಲಿ ವ್ಯಂಗ್ಯಕ್ಕಿಂತ ನಿಜವೇ ಹೆಚ್ಚು. ಮಾದಕ ವ್ಯಸನಿಗಳಿಗೆಂದು 1989ರಲ್ಲಿ ಮಯಾಮಿಯಲ್ಲಿ ಆರಂಭವಾಗಿದ್ದ ವಿಶೇಷ ನ್ಯಾಯಾಲಯದ ಮಾದರಿಯನ್ನು ಹಿಡಿದು, ಪಕ್ಕದ ಬ್ರೊವಾರ್ಡ್ ಕೌಂಟಿಯಲ್ಲಿ 1997ರಲ್ಲಿ ಮೊದಲ ಮಾನಸಿಕ ಆರೋಗ್ಯ ನ್ಯಾಯಾಲಯ ತೆರೆಯಿತು. ಜಿಂಜರ್ ಲರ್ನರ್-ರೆನ್ ಅದರ ನ್ಯಾಯಾಧೀಶರಾದರು. ನಿಮ್ಮ ರಾಜ್ಯದ ಕಿಂಗ್ ಕೌಂಟಿ, ಅಂದರೆ ಸಿಯಾಟಲ್ ಇರುವ ಜಿಲ್ಲೆ, 1999ರಲ್ಲಿ ಅದೇ ಹಾದಿ ಹಿಡಿಯಿತು. 2000ದಲ್ಲಿ ಕೇಂದ್ರ ಸರ್ಕಾರ ಇವುಗಳಿಗೆ ಅನುದಾನ ಕೊಡಲು ಕಾಯಿದೆ ಮಾಡಿದ ಮೇಲೆ ನೂರಾರು ಕೌಂಟಿಗಳಿಗೆ ಇವು ಹಬ್ಬಿದವು.

ಆರೋಪಿ ತಾನಾಗಿ ಒಪ್ಪಿದರೆ ಮಾತ್ರ ಪ್ರಕರಣ ಇಲ್ಲಿಗೆ ಬರುತ್ತದೆ. ಒಪ್ಪಿದ ಮೇಲೆ ಒಂದೆರಡು ವರ್ಷ ಚಿಕಿತ್ಸೆ, ವಸತಿ, ವ್ಯಸನ ಬಿಡುವುದು ಮುಂತಾದ ಷರತ್ತುಗಳನ್ನು ಪಾಲಿಸಬೇಕು. ಪಾಲಿಸಿದರೆ ಆರೋಪ ರದ್ದಾಗಬಹುದು ಅಥವಾ ಶಿಕ್ಷೆ ತಗ್ಗಬಹುದು. ಕಲಾಪ ಶುರುವಾಗುವ ಮೊದಲು ನ್ಯಾಯಾಧೀಶರು, ಪ್ರಾಸಿಕ್ಯೂಟರ್, ಪಬ್ಲಿಕ್ ಡಿಫೆಂಡರ್ (ಆರೋಪಿಯ ಪರ ಸರ್ಕಾರ ಕೊಡುವ ವಕೀಲರು), ಹೊರಗಿರುವ ಆರೋಪಿಯ ನಡತೆಯ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿ, ಚಿಕಿತ್ಸಾ ಕೇಂದ್ರದವರು, ನೀವು, ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಆ ದಿನದ ಪ್ರಕರಣಗಳನ್ನು ಒಂದೊಂದಾಗಿ ಚರ್ಚಿಸುತ್ತೀರಿ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ವ್ಯಕ್ತಿಯನ್ನು ಕಳೆದ ವಾರ ಕಣ್ಣಾರೆ ಕಂಡವರು ಬಹಳಷ್ಟು ಸಲ ನೀವೊಬ್ಬರೇ ಆಗಿರುತ್ತೀರಿ.

ನಿಮ್ಮ ಕಷ್ಟದ ದಿನ ಎಂದರೆ ಬಿಡುಗಡೆಯ ದಿನ. ನ್ಯಾಯಾಧೀಶರು ಬೆಳಿಗ್ಗೆಯೇ ಆದೇಶ ಮಾಡಿದರೂ ಜೈಲಿನ ಕಾಗದಪತ್ರ ಮುಗಿದು ಮನುಷ್ಯ ಹೊರಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಂಧನದ ದಿನ ತೊಟ್ಟಿದ್ದ ಬಟ್ಟೆ, ಚಾರ್ಜ್ ಇಲ್ಲದ ಫೋನು. ಗುರುತಿನ ಚೀಟಿ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಜೈಲಿನಲ್ಲಿ ಕೊಡುತ್ತಿದ್ದ ಮಾತ್ರೆಗಳು ಕೆಲವು ದಿನಕ್ಕಾಗುವಷ್ಟು ಜೊತೆಯಲ್ಲಿ ಬಂದರೆ ಪುಣ್ಯ. ಔಷಧಿ ಅಂಗಡಿ ಮುಚ್ಚಿರುತ್ತದೆ. ಆಶ್ರಯಧಾಮದ ಹಾಸಿಗೆ ಸಂಜೆಯೇ ಬೇರೆಯವರ ಪಾಲಾಗಿರುತ್ತದೆ. ಆ ಒಂದು ರಾತ್ರಿಯಲ್ಲಿ ತಿಂಗಳುಗಳ ಚಿಕಿತ್ಸೆ ನೀರಿಗೆ ಹೋಗುತ್ತದೆ. ಆದುದರಿಂದ ಆತನ ವಕೀಲರಿಗೆ ಮುಂಚಿತವಾಗಿಯೇ ಹೇಳಿ, ಬಿಡುಗಡೆ ಹಗಲು ಹೊತ್ತಿನಲ್ಲಿ, ಗೊತ್ತುಪಡಿಸಿದ ಸಮಯಕ್ಕೆ, ನಿಮ್ಮ ಕೈಗೇ ಆಗಬೇಕೆಂದು ಆದೇಶದಲ್ಲಿ ಬರೆಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಹಾಗೆ ಬರೆಸಿದ ಒಂದು ಸಾಲು, ನೀವು ಆಮೇಲೆ ಮಾಡುವ ಹತ್ತು ಫೋನು ಕರೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಜೊತೆಗೆ ಸರ್ಕಾರಿ ನೆರವಿನ ಲೆಕ್ಕವನ್ನೂ ಕಲಿತಿರಬೇಕು. ಬಡ ಅಂಗವಿಕಲರಿಗೆ ಸಿಗುವ ಎಸ್.ಎಸ್.ಐ. ಮಾಸಾಶನ, ವ್ಯಕ್ತಿ ಪೂರ್ಣ ಒಂದು ಕ್ಯಾಲೆಂಡರ್ ತಿಂಗಳು ಜೈಲಿನಲ್ಲಿದ್ದರೆ ಸ್ಥಗಿತಗೊಳ್ಳುತ್ತದೆ. ಸ್ಥಗಿತಗೊಂಡು ಸತತ 12 ತಿಂಗಳಾದರೆ ಪೂರ್ತಿ ರದ್ದಾಗಿ, ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ. ಅಂಗವೈಕಲ್ಯವನ್ನು ಹೊಸದಾಗಿ ಸಾಬೀತು ಮಾಡುವ ಆ ಅರ್ಜಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಬಾಡಿಗೆ ಕೋಣೆ ಕೈತಪ್ಪಿರುತ್ತದೆ. ಎಷ್ಟನೇ ತಿಂಗಳು ನಡೆಯುತ್ತಿದೆ ಎಂಬುದನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಈಗ ವರದಿಯ ವಿಷಯ. ನನ್ನ ಅನುಭವದಲ್ಲಿ ಈ ಕೆಲಸದ ಒಳಿತು ಕೆಡುಕುಗಳೆಲ್ಲ ಕ್ರಿಯಾಪದಗಳಲ್ಲಿರುತ್ತವೆ. "ಸಹಕರಿಸುತ್ತಿಲ್ಲ" ಎಂದು ಬರೆದರೆ ಅದು ನಿಮ್ಮ ತೀರ್ಪು. "ಎರಡು ಬೆಳಗಿನ ಭೇಟಿಗಳಿಗೆ ಬರಲಿಲ್ಲ, ಮಧ್ಯಾಹ್ನದ ಭೇಟಿಗೆ ಬಂದರು" ಎಂದು ಬರೆದರೆ ಅದು ಸಂಗತಿ. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗವಿದ್ದ ಒಬ್ಬ ಮಧ್ಯವಯಸ್ಕರು ಒಂಬತ್ತು ಗಂಟೆಯ ಗುಂಪು ಸಭೆಗೆ ಮೇಲಿಂದ ಮೇಲೆ ತಪ್ಪಿಸಿಕೊಳ್ಳುತ್ತಿದ್ದರು. ಮೇಜಿನ ಸುತ್ತ ಕುಳಿತವರೆಲ್ಲ ಎರಡು ದಿನ ಜೈಲಿಗೆ ಕಳಿಸಿ ಬುದ್ಧಿ ಕಲಿಸುವ ಯೋಚನೆಯಲ್ಲಿದ್ದರು. ಅವರ ಕೋಣೆಗೆ ಹೋಗಿ ಮಾತ್ರೆಯ ಶೀಶೆ ನೋಡಿದರೆ, ಮಲಗುವ ಮುಂಚೆ ತೆಗೆದುಕೊಳ್ಳಬೇಕಾದ ಔಷಧಿಯನ್ನು ಅವರು ನಡುರಾತ್ರಿ ಕಳೆದ ಮೇಲೆ, ಪಕ್ಕದ ಕೋಣೆಯ ಗದ್ದಲ ನಿಂತ ನಂತರ ನುಂಗುತ್ತಿದ್ದರು. ಬೆಳಗಿನ ಹತ್ತೂವರೆಯವರೆಗೆ ಅವರ ಕಣ್ಣು ತೆರೆಯುತ್ತಲೇ ಇರಲಿಲ್ಲ. ಸಭೆಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿದ್ದೇ "ಷರತ್ತು ಉಲ್ಲಂಘನೆ" ನಿಂತುಹೋಯಿತು. ರೋಗದ ಲಕ್ಷಣ ಯಾವುದು, ಔಷಧಿಯ ಪರಿಣಾಮ ಯಾವುದು, ಬಸ್ಸಿಗೆ ದುಡ್ಡಿಲ್ಲದ್ದು ಯಾವುದು, ಬೇಕೆಂದೇ ಮಾಡಿದ್ದು ಯಾವುದು ಎಂದು ಬೇರ್ಪಡಿಸಿ ಕೋರ್ಟಿನ ಮುಂದಿಡುವುದಕ್ಕಾಗಿಯೇ ನಿಮ್ಮನ್ನು ನೇಮಿಸಿಕೊಂಡಿರುವುದು. ಬೇಕೆಂದೇ ಮಾಡಿದ್ದೂ ಇರುತ್ತದೆ. ಅದನ್ನು ಮುಚ್ಚಿಡಬೇಡಿ, ಒಮ್ಮೆ ಮುಚ್ಚಿಟ್ಟರೆ ನಿಮ್ಮ ಮುಂದಿನ ವರದಿಗಳನ್ನು ನ್ಯಾಯಾಧೀಶರು ನಂಬುವುದಿಲ್ಲ, ಅದರ ಪೆಟ್ಟು ನಿಮ್ಮ ಕೈಯಲ್ಲಿರುವ ಉಳಿದವರಿಗೂ ಬೀಳುತ್ತದೆ.

ನಂಬಿ ಹೇಳಿದ್ದರ ಬಗ್ಗೆ: ಮೊದಲ ಭೇಟಿಯಲ್ಲೇ, ಅವರ ಕಥೆ ಕೇಳುವ ಮುಂಚೆಯೇ, ನೀವು ಏನನ್ನು ಬರೆಯುತ್ತೀರಿ, ಏನನ್ನು ಬರೆಯುವುದಿಲ್ಲ ಎಂದು ಸರಳವಾಗಿ ಹೇಳಿಬಿಡಿ. ಹಿಪಾ ಎಂದು ಕರೆಯುವ 1996ರ ಕಾಯಿದೆಯಡಿ ಚಿಕಿತ್ಸೆಯ ಮಾಹಿತಿಯನ್ನು ಹಂಚಿಕೊಳ್ಳಲು ಅವರ ಸಹಿಯಿರುವ ಒಪ್ಪಿಗೆ ಪತ್ರ ಬೇಕು. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಅದಕ್ಕಿಂತ ಬಿಗಿಯಾದ ಪ್ರತ್ಯೇಕ ನಿಯಮವಿದೆ. ಒಪ್ಪಿಗೆ ಇದೆಯೆಂದು ಎಲ್ಲವನ್ನೂ ಸುರಿಯಬೇಕಿಲ್ಲ. ಹಾಜರಾತಿ, ಇಂಜೆಕ್ಷನ್ ಆಯಿತೇ ಇಲ್ಲವೇ, ವಾಸ ಎಲ್ಲಿ, ಕೋರ್ಟ್ ಕೇಳಿದ ಪರೀಕ್ಷೆಯ ಫಲಿತಾಂಶ, ಇಷ್ಟು ಸಾಕು. ಕಿವಿಯಲ್ಲಿ ಕೇಳಿಸುವ ದನಿಗಳು ಏನೆಂದು ಬೈಯುತ್ತವೆ, ಬಾಲ್ಯದಲ್ಲಿ ಮನೆಯಲ್ಲಿ ಏನಾಯಿತು ಎಂಬುದೆಲ್ಲ ತೆರೆದ ನ್ಯಾಯಾಲಯದಲ್ಲಿ ಓದುವ ಹಾಳೆಗೆ ಸೇರಿದ್ದಲ್ಲ. ಎರಡು ಕಡೆ ಎಚ್ಚರ ಬೇಕು. ನಿರ್ದಿಷ್ಟ ವ್ಯಕ್ತಿಗೆ ಹಾನಿ ಮಾಡುವೆನೆಂದು ಅವರು ಹೇಳಿದರೆ, ಕ್ಯಾಲಿಫೋರ್ನಿಯಾದ 1976ರ ಟರಾಸಾಫ್ ತೀರ್ಪಿನಿಂದೀಚೆಗೆ ಬೆಳೆದುಬಂದಿರುವ, ಅಪಾಯದಲ್ಲಿರುವ ಆ ವ್ಯಕ್ತಿಯನ್ನು ಎಚ್ಚರಿಸುವ ಹೊಣೆ ನಿಮ್ಮ ರಾಜ್ಯದಲ್ಲಿ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಸೇರಿದ ಮೊದಲ ವಾರವೇ ಮೇಲಧಿಕಾರಿಗಳಿಂದ ತಿಳಿದುಕೊಳ್ಳಿ. ಹೊಸ ಅಪರಾಧದ ಮಾತು ಬಾಯಿಗೆ ಬರುವಂತಿದ್ದರೆ, "ಇದನ್ನು ಮೊದಲು ನಿಮ್ಮ ವಕೀಲರಿಗೆ ಹೇಳಿ" ಎಂದು ಅಲ್ಲಿಯೇ ತಡೆಯಿರಿ.

ಇನ್ನು ಅಪಾಯ. ಈ ಜನ ಇತರರಿಗೆ ಪೆಟ್ಟು ಕೊಡುವುದಕ್ಕಿಂತ ಇತರರಿಂದ ಪೆಟ್ಟು ತಿನ್ನುವುದೇ ಹೆಚ್ಚು. ಆದರೂ ಅಪರಿಚಿತ ಮನೆಗೆ ಮೊದಲ ಸಲ ಹೋಗುವಾಗ ಜೊತೆಗೊಬ್ಬರಿರಲಿ. ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಕಚೇರಿಯಲ್ಲಿ ದಾಖಲಾಗಿರಲಿ. ತಂದೆಯವರಿಗೆ ಇಷ್ಟು ಹೇಳಿದರೆ ಸಮಾಧಾನವಾದೀತು.

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ. ಸಿಯಾಟಲ್ ಸಮೀಪ ಕೆಲಸದಲ್ಲಿದ್ದ ಮಗ ಕೆಲವು ತಿಂಗಳಿಂದ ಯಾರೋ ಬೆನ್ನು ಹತ್ತಿದ್ದಾರೆಂದು ಫೋನಿನಲ್ಲಿ ಹೇಳುತ್ತಿದ್ದ. ಈಗ ಬೇರೆಯವರ ಕಟ್ಟಡಕ್ಕೆ ನುಗ್ಗಿದನೆಂದು ಬಂಧಿಸಿದ್ದಾರೆ. ಆತ ವಿಚಾರಣೆ ಎದುರಿಸಲು ಸಮರ್ಥನೇ ಎಂದು ಪರೀಕ್ಷಿಸಲು ಕೋರ್ಟ್ ಆದೇಶಿಸಿದೆಯಂತೆ. ಹಾಗೆಂದರೇನು? ಹುಚ್ಚನೆಂದು ತೀರ್ಮಾನಿಸಿ ಎಲ್ಲಾದರೂ ಶಾಶ್ವತವಾಗಿ ಕೂಡಿಹಾಕುತ್ತಾರೆಯೇ? ಜೈಲಿನವರು ನಮಗೆ ಏನೂ ಹೇಳುವುದಿಲ್ಲ.

ಉತ್ತರ: ಶಾಶ್ವತವಾಗಿ ಕೂಡಿಹಾಕುವಂತಿಲ್ಲ. ಆ ಭಯವನ್ನು ಮೊದಲು ಬಿಡಿ. ಕಿವಿ ಕೇಳದ, ಮಾತು ಬಾರದ, ಬುದ್ಧಿಮಾಂದ್ಯತೆಯಿದ್ದ ಒಬ್ಬ ಆರೋಪಿಯನ್ನು ಒಟ್ಟು 9 ಡಾಲರ್ ಬೆಲೆಯ ಎರಡು ಕಳವುಗಳಿಗಾಗಿ, ವಿಚಾರಣೆಗೆ ಸಮರ್ಥನಾಗುವವರೆಗೆ ಎಂಬ ಹೆಸರಿನಲ್ಲಿ ಗಡುವಿಲ್ಲದೆ ಇರಿಸಿಕೊಂಡಿದ್ದ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಅದು ಸಲ್ಲದೆಂದು ತೀರ್ಪು ಕೊಟ್ಟಿತು. ಜಾಕ್ಸನ್ ತೀರ್ಪು ಎಂದು ಅದಕ್ಕೆ ಹೆಸರು. ಸಮರ್ಥನಾಗುವ ಸಂಭವವಿದೆಯೇ ಎಂದು ತಿಳಿಯಲು ಬೇಕಾದಷ್ಟು ಕಾಲ ಮಾತ್ರ ಇರಿಸಿಕೊಳ್ಳಬಹುದು. ಸಂಭವ ಇಲ್ಲವೆಂದಾದರೆ ಸಾಮಾನ್ಯ ರೋಗಿಗಳಿಗೆ ಅನ್ವಯಿಸುವ ಕ್ರಮದಲ್ಲಿ ಆಸ್ಪತ್ರೆಗೆ ಸೇರಿಸಬೇಕು, ಇಲ್ಲವೇ ಬಿಡಬೇಕು.

ಈಗ ನಡೆಯುತ್ತಿರುವ ಪರೀಕ್ಷೆಗೂ ಕೃತ್ಯ ನಡೆದಾಗ ಮಗನ ಮನಸ್ಸು ಹೇಗಿತ್ತು ಎಂಬುದಕ್ಕೂ ಸಂಬಂಧವಿಲ್ಲ. 1960ರ ಡಸ್ಕಿ ತೀರ್ಪು ಕೊಟ್ಟ ಅಳತೆಗೋಲು ಇಷ್ಟು: ಈ ಹೊತ್ತಿನಲ್ಲಿ ತನ್ನ ವಕೀಲರೊಂದಿಗೆ ವಿವೇಚನೆಯಿಂದ ಮಾತನಾಡಬಲ್ಲನೇ, ತನ್ನ ಮೇಲೆ ನಡೆಯುತ್ತಿರುವ ಕಲಾಪ ಏನೆಂದು ಆತನಿಗೆ ಅರ್ಥವಾಗುತ್ತದೆಯೇ? ಇಲ್ಲವೆಂದಾದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಚಿಕಿತ್ಸೆಗೆ ಕಳಿಸುತ್ತಾರೆ. ಜೈಲಿನಲ್ಲಿ ಈ ಪರೀಕ್ಷೆಗಾಗಿ ಜನ ವಾರಗಟ್ಟಲೆ ಕೊಳೆಯುತ್ತಿದ್ದುದರಿಂದ ವಾಷಿಂಗ್ಟನ್ ರಾಜ್ಯದ ಮೇಲೆ ದಾವೆ ಹೂಡಲಾಗಿ, ಟ್ರೂಬ್ಲಡ್ ಎಂಬ ಆ ಪ್ರಕರಣದಲ್ಲಿ 2015ರಿಂದೀಚೆಗೆ ಜೈಲಿನೊಳಗಿನ ಪರೀಕ್ಷೆಗೆ 14 ದಿನ, ಚಿಕಿತ್ಸೆಗೆ ದಾಖಲಿಸಿಕೊಳ್ಳಲು 7 ದಿನ ಎಂಬ ಮಿತಿಗಳು ಬಂದಿವೆ. ರಾಜ್ಯ ಈ ಮಿತಿಗಳನ್ನು ಮೀರಿ ಭಾರಿ ದಂಡ ತೆತ್ತದ್ದೂ ಉಂಟು. ದಿನಗಳು ಎಷ್ಟಾದವೆಂದು ಮಗನ ವಕೀಲರನ್ನು ನೀವು ಕೇಳಬಹುದು, ಸಂಕೋಚ ಬೇಡ.

ಜೈಲಿನವರು ಏನೂ ಹೇಳದಿರುವುದಕ್ಕೆ ಗೌಪ್ಯತೆಯ ಕಾಯಿದೆ ಕಾರಣವಿರಬಹುದು. ಆ ಕಾಯಿದೆ ಅವರ ಬಾಯಿ ಕಟ್ಟುತ್ತದೆ, ನಿಮ್ಮ ಬಾಯನ್ನಲ್ಲ. ಮಗನಿಗೆ ಯಾವಾಗ ನಿದ್ದೆ ಕೆಟ್ಟಿತು, ಮನೆತನದಲ್ಲಿ ಇಂಥ ಕಾಯಿಲೆ ಯಾರಿಗಾದರೂ ಇತ್ತೇ, ಹಿಂದೆ ಯಾವ ವೈದ್ಯರು ಯಾವ ಮಾತ್ರೆ ಕೊಟ್ಟಿದ್ದರು, ಯಾವುದಕ್ಕೆ ಮೈಗೆ ಆಗಿಬರಲಿಲ್ಲ ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದು ವಕೀಲರಿಗೂ, ಅವರ ಮೂಲಕ ಜೈಲಿನ ವೈದ್ಯಕೀಯ ವಿಭಾಗಕ್ಕೂ ಕಳಿಸಿ. ಶಿವಮೊಗ್ಗದಲ್ಲೋ ನಿಮ್ಹಾನ್ಸ್‌ನಲ್ಲೋ ತೋರಿಸಿದ ಹಳೆಯ ಚೀಟಿ ಇದ್ದರೆ ಅದರ ಪ್ರತಿಯನ್ನೂ ಸೇರಿಸಿ. ಕೇಸ್ ಮ್ಯಾನೇಜರ್ ಆಗಿದ್ದಾಗ ಇಂಥ ಒಂದು ಪುಟಕ್ಕಾಗಿ ನಾವು ಹಂಬಲಿಸುತ್ತಿದ್ದೆವು. ಫೋನಿನಲ್ಲಿ ಮಾತ್ರ ಆ ದಿನ ಏನಾಯಿತೆಂದು ಮಗನನ್ನು ಕೇಳಬೇಡಿ. ಜೈಲಿನ ಕರೆಗಳು ಧ್ವನಿಮುದ್ರಣಗೊಳ್ಳುತ್ತವೆ. ನೀವು ಕನ್ನಡದಲ್ಲಿ ಮಾತನಾಡಿದರೂ ಅದನ್ನು ಅನುವಾದಿಸಬಲ್ಲವರು ಅಲ್ಲಿ ಸಿಗುತ್ತಾರೆ. ಊಟ ಮಾಡಿದೆಯಾ, ನಿದ್ದೆ ಬಂತೇ ಎಂದು ಕೇಳಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಮಗ ಅಮೆರಿಕದ ಪ್ರಜೆಯಲ್ಲದಿದ್ದರೆ, ಮಾನಸಿಕ ಆರೋಗ್ಯ ನ್ಯಾಯಾಲಯಕ್ಕೆ ಸೇರುವ ಮುಂಚೆ ವಲಸೆ ಕಾನೂನು ತಿಳಿದ ವಕೀಲರ ಸಲಹೆ ಪಡೆಯಲೇಬೇಕು. ಕೆಲವು ಕಡೆ ಸೇರಬೇಕಾದರೆ ಮೊದಲು ತಪ್ಪೊಪ್ಪಿಗೆ ಕೊಡಬೇಕು. ಷರತ್ತು ಪಾಲಿಸಿದ ಮೇಲೆ ಆ ಆರೋಪವನ್ನು ಕೋರ್ಟ್ ವಜಾ ಮಾಡಿದರೂ, ತಪ್ಪೊಪ್ಪಿಗೆಯ ಜೊತೆಗೆ ಯಾವುದಾದರೂ ನಿರ್ಬಂಧ ವಿಧಿಸಿದ್ದರೆ ವಲಸೆ ಕಾನೂನು ಅದನ್ನು ಶಿಕ್ಷೆಯಾದಂತೆಯೇ ಎಣಿಸುತ್ತದೆ. ಸ್ಥಳೀಯರಿಗೆ ವರವಾಗುವ ವ್ಯವಸ್ಥೆ ವೀಸಾದಲ್ಲಿರುವವರಿಗೆ ಗಡೀಪಾರಿನ ದಾರಿಯಾಗಬಹುದು. ಆರೋಪಿಗೆ ಈ ಅಪಾಯವನ್ನು ತಿಳಿಸುವುದು ವಕೀಲರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ತೀರ್ಪಿನಲ್ಲಿ ಹೇಳಿದೆ. ಹಾಗಿದ್ದೂ ನೀವೇ ಕೇಳಿಬಿಡುವುದು ಒಳ್ಳೆಯದು. ಭಾರತದ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕೂ ಮಗನಿಗಿದೆ.

ಪ್ರಶ್ನೆ: ಕಾಯಿಲೆಯ ಹೆಸರಿನಲ್ಲಿ ಅಪರಾಧಿಗಳಿಗೆ ರಿಯಾಯಿತಿ ಕೊಟ್ಟಂತಾಗುವುದಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಅಮೆರಿಕದಲ್ಲಿ ಕೇಳಿಬರುವ ಆಕ್ಷೇಪ ಬಹುಮಟ್ಟಿಗೆ ಇದರ ತಿರುಗುಮುರುಗು. ಅಂಗಡಿ ಕಳವಿಗೆ ಕೆಲವು ವಾರ ಜೈಲಿನಲ್ಲಿದ್ದು ಹೊರಬರಬಹುದಾಗಿದ್ದ ವ್ಯಕ್ತಿ, ಈ ನ್ಯಾಯಾಲಯಕ್ಕೆ ಸೇರಿದ್ದರಿಂದ ಒಂದೂವರೆ ಎರಡು ವರ್ಷ ಪ್ರತಿ ಹೆಜ್ಜೆಗೂ ಲೆಕ್ಕ ಕೊಡಬೇಕಾಗುತ್ತದೆ; ನಡುವೆ ಎಡವಿದರೆ ಮೂಲ ಶಿಕ್ಷೆಯೂ ಕಾದಿರುತ್ತದೆ. ಇದನ್ನೆಲ್ಲ ಕೇಳಿ, ಬೇಡವೆಂದು ಸಾಮಾನ್ಯ ಕೋರ್ಟಿಗೇ ಮರಳಿದವರನ್ನು ನಾನು ಕಂಡಿದ್ದೇನೆ, ಅವರ ಲೆಕ್ಕಾಚಾರ ತಪ್ಪೆಂದು ನನಗನಿಸಲಿಲ್ಲ.

ಪ್ರಶ್ನೆ: ಹಾಸನ ಜಿಲ್ಲೆಯಲ್ಲಿ ವಕೀಲ ವೃತ್ತಿಯಲ್ಲಿದ್ದೇನೆ. ನಮ್ಮಲ್ಲಿ ಇಂಥ ನ್ಯಾಯಾಲಯವಾಗಲಿ ಇಂಥ ಹುದ್ದೆಯಾಗಲಿ ಇಲ್ಲ. ಮಾನಸಿಕ ಅಸ್ವಸ್ಥ ಕಕ್ಷಿದಾರರಿಗೆ ಈಗಿರುವ ಕಾನೂನಿನಲ್ಲಿ ಏನು ಮಾಡಬಹುದು?

ಉತ್ತರ: ಕಾನೂನು ಸಾಕಷ್ಟಿದೆ, ಅದನ್ನು ಹೊತ್ತು ನಡೆಯುವವರು ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗಿನ ಕಲಮುಗಳು ಅಸ್ವಸ್ಥಚಿತ್ತ ಆರೋಪಿಗಳಿಗೇ ಮೀಸಲು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 328ರಿಂದ 339ರ ಜಾಗದಲ್ಲಿ ಬಂದವು ಅವು. ಇವುಗಳಲ್ಲಿ 369ನ್ನು ನಮ್ಮ ವಕೀಲರು ಬಳಸಬೇಕಾದಷ್ಟು ಬಳಸುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ಒಳರೋಗಿಯಾಗಿ ಚಿಕಿತ್ಸೆ ಬೇಕಿಲ್ಲವೆಂದಾದರೆ, ಜಾಮೀನಿಗೆ ಅರ್ಹವಲ್ಲದ ಆರೋಪವಿದ್ದರೂ ಬಿಡುಗಡೆಗೆ ಅದು ಅವಕಾಶ ಕೊಡುತ್ತದೆ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ನಿಯಮಿತವಾಗಿ ಹೊರರೋಗಿ ಚಿಕಿತ್ಸೆ ಕೊಡಿಸುತ್ತೇನೆ, ಆತ ತನಗಾಗಲಿ ಇತರರಿಗಾಗಲಿ ಹಾನಿ ಮಾಡಿಕೊಳ್ಳದಂತೆ ನೋಡಿಕೊಳ್ಳುತ್ತೇನೆ ಎಂದು ಬಂಧುವೋ ಸ್ನೇಹಿತರೋ ಒಪ್ಪಿಕೊಳ್ಳಬೇಕು. ಅಮೆರಿಕದಲ್ಲಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನಮ್ಮ ಕಾನೂನು ತಾಯಿಗೆ ಅಥವಾ ಅಣ್ಣನಿಗೆ ವಹಿಸಿದೆ. ಕೂಲಿ ಬಿಟ್ಟು ತಿಂಗಳಿಗೊಮ್ಮೆ ಜಿಲ್ಲಾಸ್ಪತ್ರೆಗೆ ಕರೆತರುವ ತಾಯಿಗೆ ಬಸ್ಸಿನ ಖರ್ಚು ಯಾರು ಕೊಡಬೇಕೆಂದು ಅದು ಹೇಳುವುದಿಲ್ಲ. ಕೇಳುವವರೇ ಇಲ್ಲದವರ ಗತಿ ಏನೆಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕೇ ಸಾಕ್ಷಿ: 1951ರಲ್ಲಿ ಬಂಧಿತರಾಗಿ ತೇಜಪುರದ ಮಾನಸಿಕ ಆಸ್ಪತ್ರೆ ಸೇರಿದ ಅವರು ವಿಚಾರಣೆಯೇ ಇಲ್ಲದೆ ಉಳಿದು ಹೊರಬಂದದ್ದು 2005ರಲ್ಲಿ.

ಅಲ್ಲಿನ ಕೇಸ್ ಮ್ಯಾನೇಜರ್‌ನಂತೆ ಕೋರ್ಟಿಗೆ ವರದಿ ಬರೆದುಕೊಡುವವರನ್ನು ಇಲ್ಲಿ ನೀವೇ ಹುಡುಕಿಕೊಳ್ಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ನಿಮ್ಮ ಕಕ್ಷಿದಾರರು ಉಚಿತ ನೆರವಿಗೆ ಅರ್ಹರು. ಜಿಲ್ಲಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರೊಬ್ಬರನ್ನು (ವಕೀಲರಲ್ಲದಿದ್ದರೂ ಕಾನೂನು ನೆರವಿಗೆ ತರಬೇತಿ ಪಡೆದವರು) ಆ ಕುಟುಂಬದ ಜೊತೆಗಿರಿಸುವಂತೆ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಯಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದಲೇ ದೇಶಕ್ಕೆಲ್ಲ ಹಬ್ಬಿದ ಕಾರ್ಯಕ್ರಮವಿದು, ಆದ್ದರಿಂದ ಕೇಳಲು ಕನ್ನಡಿಗರು ಹಿಂಜರಿಯಬೇಕಿಲ್ಲ. ಭೇಟಿಯ ದಿನಾಂಕ, ಕೊಟ್ಟ ಔಷಧಿ, ಮುಂದಿನ ಭೇಟಿ, ಈ ಮೂರು ವಿವರಗಳ ಒಂದು ಹಾಳೆಯನ್ನು ಪ್ರತಿ ವಾಯಿದೆಗೂ ಅವರಿಂದ ತರಿಸಿ ಕಡತಕ್ಕೆ ಸೇರಿಸಿದರೆ, ಬಿಡುಗಡೆಯಾದ ಆರೋಪಿಯ ಬಗ್ಗೆ ನ್ಯಾಯಾಧೀಶರಿಗೆ ಧೈರ್ಯ ಬರುತ್ತದೆ. ಇನ್ನು, ಬೀದಿಯಲ್ಲಿ ಅಲೆಯುತ್ತಿದ್ದವರನ್ನು ರಕ್ಷಣೆಗೆಂದು ಕರೆತಂದು ಠಾಣೆಯ ಲಾಕಪ್ಪಿನಲ್ಲಿಟ್ಟಿದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೇ ಕಲಮನ್ನು ತೋರಿಸಿ. ಅಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡಕೂಡದು. ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕೆಂದು ಅದೇ ಕಾಯಿದೆಯ 103ನೇ ಕಲಮು ಹೇಳುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ಈ ಕ್ಷೇತ್ರಕ್ಕೆ ಬರಲು ಈಗಿನಿಂದ ಏನು ಮಾಡಬೇಕು?

ಉತ್ತರ: ಕ್ಷೇತ್ರಕಾರ್ಯಕ್ಕೆ ಮನೋವೈದ್ಯಕೀಯ ವಿಭಾಗವನ್ನೂ ಕಾರಾಗೃಹವನ್ನೂ ಕೇಳಿ ಪಡೆಯಿರಿ, ಎರಡೂ ಸಿಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಲು ಅರ್ಜಿ ಹಾಕಿ. ಬಿಡುವಿದ್ದಾಗ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ಜಾಮೀನು ಅರ್ಜಿಗಳು ಹೇಗೆ ನಡೆಯುತ್ತವೆಂದು ನೋಡಿ, ತೆರೆದ ಕಲಾಪಕ್ಕೆ ಯಾರ ಅನುಮತಿಯೂ ಬೇಡ. ನೋಡಿದ್ದನ್ನು ವಿಶೇಷಣಗಳಿಲ್ಲದೆ ಒಂದು ಪುಟದಲ್ಲಿ ಬರೆದು ನಿಮ್ಮ ಮೇಲ್ವಿಚಾರಕರಿಗೆ ತೋರಿಸಿ. ಅವರು ಎಷ್ಟು ಸಾಲುಗಳನ್ನು ಹೊಡೆದುಹಾಕುತ್ತಾರೆಂದು ಗಮನಿಸಿ, ಮರುವಾರ ಮತ್ತೆ ಬರೆಯಿರಿ.